ಗಿರವಿಗೆ ಬಾರದ ಪಾತ್ರೆ

1717ರಲ್ಲಿ ಯುರೋಪಿನ ಇಬ್ಬರು ದೊರೆಗಳ ನಡುವೆ ಒಂದು ವ್ಯಾಪಾರ ಆಯ್ತು. ಸ್ಯಾಕ್ಸನಿಯ ದೊರೆ ಆಗಸ್ಟಸ್ ತನ್ನ 600 ಡ್ರಗೂನ್ ಸೈನಿಕರನ್ನು ಪ್ರಷ್ಯಾದ ರಾಜ ಫ್ರೆಡರಿಕ್ ವಿಲಿಯಂಗೆ ಕೊಟ್ಟ. ಬದಲಿಗೆ 151 ಚೀನೀ ಪಿಂಗಾಣಿ ಸಾಮಾನು ತಗೊಂಡ. ಸೈನಿಕರು ಅಂದರೆ ಕುದುರೆ, ಆಯುಧ ಏನೂ ಇಲ್ಲ, ಬರೀ ಮನುಷ್ಯರು. ಲೆಕ್ಕ ಹಾಕಿದರೆ ಒಂದು ಪಾತ್ರೆಗೆ ಹತ್ತಿರಹತ್ತಿರ ನಾಲ್ಕು ಜನ. ಆ ಸರಕಿನಲ್ಲಿದ್ದ ನೀಲಿ-ಬಿಳಿ ಬಣ್ಣದ ದೊಡ್ಡ ಹೂಜಿಗಳನ್ನು ಇವತ್ತಿಗೂ ಡ್ರಗೂನ್ ಹೂಜಿಗಳು ಅಂತಲೇ ಕರೀತಾರೆ. ಆ ಸೈನಿಕರನ್ನು ಸೇರಿಸಿ ಪ್ರಷ್ಯಾ ಕಟ್ಟಿದ ಪಡೆಗೆ ಪಿಂಗಾಣಿ ಪಡೆ ಅಂತ ಅಡ್ಡಹೆಸರು ಬಿತ್ತು. ಹೂಜಿಗಳ ಗತಿ ಏನಾಯ್ತು ಅಂತ ನಮಗೆ ಗೊತ್ತು, ಡ್ರೆಸ್ಡೆನ್‌ಗೆ ಹೋದರೆ ನೋಡಬಹುದು. ಆ 600 ಜನ ಎಲ್ಲೆಲ್ಲಿ ಸತ್ತರು ಅಂತ ಯಾರು ಬರೆದಿಟ್ಟಿರುತ್ತಾರೆ ಹೇಳಿ.

ಇದನ್ನು ಓದಿದಾಗ ಎಲ್ಲರಿಗೂ ಮೊದಲು ಬರೋದು ನಗು. ನನಗೂ ಬಂತು. ಆದರೆ ಆಗಸ್ಟಸ್ ದಡ್ಡನಲ್ಲ. ಅವನ ಕಾಲಕ್ಕೆ ಪಿಂಗಾಣಿ ಅಂದರೆ ಏನಾಗಿತ್ತು ಅಂತ ಸ್ವಲ್ಪ ತಿಳ್ಕೊಂಡರೆ ಈ ವ್ಯಾಪಾರದ ತರ್ಕ ಗೊತ್ತಾಗತ್ತೆ. ಆ ತರ್ಕ ಹಿಡ್ಕೊಂಡು ಹೋದರೆ ನಮ್ಮ ಮನೆಗಳ ಶೋಕೇಸಿನವರೆಗೂ ಬರಬಹುದು.

ಪಿಂಗಾಣಿ ಅನ್ನೋ ಪದ ನಮಗೆ ಬಂದದ್ದು ಪಾರ್ಸಿಯಿಂದ. ಅಲ್ಲಿ ಪಿಂಗಾನ್ ಅಂದರೆ ಬಟ್ಟಲು. ಅರಬ್ಬಿಯಲ್ಲಿ ಅದೇ ಫಿಂಜಾನ್, ಕಾಫಿ ಕುಡಿಯೋ ಪುಟ್ಟ ಬಟ್ಟಲು. ವಸ್ತು ಚೀನಾದ್ದು, ಹೆಸರು ಪಾರ್ಸಿಯದ್ದು, ತಂದು ಕೊಟ್ಟದ್ದು ಕಡಲ ವ್ಯಾಪಾರ. ಹಂಪಿಯ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅಂದರೆ ಯುರೋಪಿನ ದೊರೆಗಳಿಗೆ ಈ ಹುಚ್ಚು ಹಿಡಿಯೋದಕ್ಕೆ ಮುಂಚೆಯೇ ತುಂಗಭದ್ರೆಯ ದಡದಲ್ಲಿ ಯಾರೋ ಶ್ರೀಮಂತರು ಇದನ್ನು ಇಟ್ಟುಕೊಂಡು ಬೀಗುತ್ತಿದ್ದರು.

ಮಾಡೋದು ಹೇಗೆ ಅನ್ನೋದು ಮಾತ್ರ ಚೀನಾದ ಹೊರಗೆ ಕೆಲವೇ ಜನಕ್ಕೆ ಗೊತ್ತಿತ್ತು. ಬಿಳಿ ಜೇಡಿ ಮಣ್ಣು, ಅದರ ಜೊತೆ ಒಂದು ಜಾತಿಯ ಕಲ್ಲಿನ ಪುಡಿ, 1,300 ಡಿಗ್ರಿಯ ಆಸುಪಾಸಿನ ಬೆಂಕಿ. ಕೇಳೋಕೆ ಸುಲಭ. ಆ ಬಿಸಿ ಹಿಡಿಯೋ ಭಟ್ಟಿ ಬೇಕು, ಆ ಬಿಸಿಗೆ ಕರಗಿ ಕುಸಿಯದ ಮಣ್ಣು ಬೇಕು. ಆ ಮಣ್ಣಿಗೆ ಕೆಯೊಲಿನ್ ಅನ್ನೋ ಹೆಸರು ಬಂದದ್ದೇ ಜಿಂಗ್‌ಡೆಜೆನ್ ಹತ್ತಿರದ ಗಾವೊಲಿಂಗ್ ಅನ್ನೋ ಊರಿಂದ. 1712ರಲ್ಲಿ ಡಾಂತ್ರಕೋಲ್ ಅನ್ನೋ ಫ್ರೆಂಚ್ ಪಾದ್ರಿ ಆ ಊರಿನ ಭಟ್ಟಿಗಳನ್ನು ನೋಡಿ ಉದ್ದುದ್ದ ಕಾಗದ ಬರೆದ. ಒಂದೊಂದು ಪಾತ್ರೆ 70 ಜನರ ಕೈ ದಾಟಿ ಹೋಗತ್ತೆ ಅನ್ನೋದು ಅವನ ಲೆಕ್ಕ. ಒಬ್ಬ ಬರೀ ಅಂಚಿನ ಗೆರೆ ಎಳೀತಾನೆ, ಇನ್ನೊಬ್ಬ ಹೂವಿನ ಆಕಾರ ಬರೀತಾನೆ, ಮತ್ತೊಬ್ಬ ಅದಕ್ಕೆ ಬಣ್ಣ ತುಂಬುತ್ತಾನೆ. ಹೆನ್ರಿ ಫೋರ್ಡ್ ಹುಟ್ಟೋದಕ್ಕೆ ನೂರೈವತ್ತು ವರ್ಷ ಮುಂಚೆ. ಆ ಕಾಗದ ಭಕ್ತಿಯಿಂದ ಬರೆದದ್ದಂತೂ ಅಲ್ಲ. ಇವತ್ತಿನ ಭಾಷೆಯಲ್ಲಿ ಕೈಗಾರಿಕಾ ಬೇಹುಗಾರಿಕೆ ಅನ್ನಬೇಕು.

ಚೀನಾದಲ್ಲಿ ಈ ಪಾತ್ರೆಗಳ ಬಣ್ಣ ಯಾರ ಇಷ್ಟಕ್ಕೂ ಬಿಟ್ಟದ್ದಾಗಿರಲಿಲ್ಲ. 1530ರಲ್ಲಿ ಮಿಂಗ್ ಚಕ್ರವರ್ತಿ ಜಿಯಾಜಿಂಗ್ ಪೂಜೆಯ ಪಾತ್ರೆಗಳಿಗೆ ಬಣ್ಣ ಗೊತ್ತುಮಾಡಿದ: ಆಕಾಶದ ಪೂಜೆಗೆ ನೀಲಿ, ಭೂಮಿಗೆ ಹಳದಿ, ಸೂರ್ಯನಿಗೆ ಕೆಂಪು, ಚಂದ್ರನಿಗೆ ಬಿಳಿ. ಇದಾದರೂ ದೇವರ ವಿಷಯ. ಚಿಂಗ್ ಅರಮನೆಯ ಅಂತಃಪುರದ ನಿಯಮ ನೋಡಿ. ರಾಜಮಾತೆ ಮತ್ತು ಪಟ್ಟದ ರಾಣಿಯ ಬಟ್ಟಲು ಒಳಗೂ ಹೊರಗೂ ಹಳದಿ. ಅವರ ಕೆಳಗಿನ ರಾಣಿಗೆ ಹೊರಗೆ ಹಳದಿ, ಒಳಗೆ ಬಿಳಿ. ಅದಕ್ಕೂ ಕೆಳಗಿನವರಿಗೆ ಹಳದಿ ಮೇಲೆ ಹಸಿರು ಡ್ರ್ಯಾಗನ್. ಇನ್ನೂ ಕೆಳಗೆ ನೀಲಿ ಮೇಲೆ ಹಳದಿ ಡ್ರ್ಯಾಗನ್. ಹಾಗೇ ಇಳೀತಾ ಹೋಗತ್ತೆ. ಬಟ್ಟಲು ಕೈಗೆತ್ತಿಕೊಂಡರೆ ಸಾಕು, ನಿಮ್ಮ ಗ್ರೇಡ್ ಎದುರು ಕೂತವರಿಗೆ ಗೊತ್ತಾಗತ್ತೆ. ಆಫೀಸಿನಲ್ಲಿ ಕೊರಳಿಗೆ ಬೇರೆಬೇರೆ ಬಣ್ಣದ ಪಟ್ಟಿಯ ಐಡಿ ಕಾರ್ಡ್ ಹಾಕ್ಕೊಂಡು ಓಡಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನನಗೆ ಕುತೂಹಲ ಹುಟ್ಟಿಸೋದು ಆ ಎರಡನೇ ರಾಣಿಯ ಬಟ್ಟಲು. ಹೊರಗಿಂದ ನೋಡಿದರೆ ಪಟ್ಟದರಾಣಿಯದರ ಥರವೇ ಇದೆ. ಊಟ ಮುಗಿದು ಬಟ್ಟಲು ಖಾಲಿಯಾದಾಗ ಮಾತ್ರ ತಳದ ಬಿಳಿ ಕಾಣತ್ತೆ, ಅದೂ ಅವಳಿಗೇ ಮೊದಲು.

ಇತ್ತ ಸ್ಯಾಕ್ಸನಿಯಲ್ಲಿ ಆಗಸ್ಟಸ್ಸಿಗೆ ಪಿಂಗಾಣಿ ಕೊಂಡು ಕೊಂಡು ಖಜಾನೆ ಕರಗುತ್ತಿತ್ತು. ಅವನು ಸಾಯೋ ಹೊತ್ತಿಗೆ 20 ಸಾವಿರಕ್ಕೂ ಹೆಚ್ಚು ಸಾಮಾನು ಸೇರಿಸಿದ್ದ. ಅದಕ್ಕೆ ಅವನೇ ಪಿಂಗಾಣಿ ರೋಗ ಅಂತ ಹೆಸರಿಟ್ಟಿದ್ದ. ಅದೃಷ್ಟಕ್ಕೆ ಅವನ ಕೈಗೆ ಯೋಹಾನ್ ಬ್ಯೋಟ್ಗರ್ ಅನ್ನೋ ಹುಡುಗ ಸಿಕ್ಕಿದ್ದ. ಬರ್ಲಿನ್ನಿನ ಔಷಧಿ ಅಂಗಡಿಯಲ್ಲಿ ಕೆಲಸ ಕಲೀತಿದ್ದವನು, ಚಿನ್ನ ಮಾಡೋದು ಗೊತ್ತು ಅಂತ ಬಡಾಯಿ ಕೊಚ್ಚಿ, ಪ್ರಷ್ಯಾದ ರಾಜ ಹಿಡಿಯೋಕೆ ಬಂದಾಗ 1701ರಲ್ಲಿ ಸ್ಯಾಕ್ಸನಿಗೆ ಓಡಿಬಂದ. ಬಾಣಲೆಯಿಂದ ಬೆಂಕಿಗೆ ಅಂತಾರಲ್ಲ ಹಾಗೆ, ಆಗಸ್ಟಸ್ ಅವನನ್ನು ಹಿಡಿದು ಕೂಡಿಹಾಕಿದ. ಚಿನ್ನ ಎಲ್ಲಿಂದ ಬರಬೇಕು? ಚಿರ್ನ್‌ಹೌಸ್ ಅನ್ನೋ ವಿಜ್ಞಾನಿ ಆಗಲೇ ವರ್ಷಗಳಿಂದ ಮಣ್ಣು, ಶಾಖ ಅಂತ ಪ್ರಯೋಗ ಮಾಡುತ್ತಿದ್ದ. ಈ ಹುಡುಗನನ್ನು ಅವನ ಜೊತೆ ಹಚ್ಚಿದರು. 1708ರಲ್ಲಿ ಪಿಂಗಾಣಿ ಬಂತು. ಅದೇ ವರ್ಷ ಚಿರ್ನ್‌ಹೌಸ್ ತೀರಿಕೊಂಡ, ಹೆಸರೆಲ್ಲ ಬ್ಯೋಟ್ಗರ್‌ಗೆ ಹೋಯಿತು. ಪ್ರಾಜೆಕ್ಟುಗಳಲ್ಲಿ ಕೆಲಸ ಮಾಡಿದವರಿಗೆ ಇದೂ ಹೊಸದಲ್ಲ.

1710ರಲ್ಲಿ ಮೈಸೆನ್ ಊರಿನ ಗುಡ್ಡದ ಮೇಲಿನ ಕೋಟೆಯಲ್ಲಿ ಕಾರ್ಖಾನೆ ಶುರುವಾಯ್ತು. ಕೋಟೆಯೇ ಯಾಕೆ ಅಂದರೆ ಗುಟ್ಟು ಹೊರಗೆ ಹೋಗಬಾರದು. ಆದರೂ ಹೋಯಿತು. ಹತ್ತು ವರ್ಷದೊಳಗೆ ಒಬ್ಬ ಕೆಲಸಗಾರ ವಿಯೆನ್ನಾಗೆ ಓಡಿಹೋಗಿ ಅಲ್ಲಿನ ಹೊಸ ಕಾರ್ಖಾನೆಗೆ ವಿಧಾನ ಹೇಳಿಕೊಟ್ಟ. ಬ್ಯೋಟ್ಗರ್‌ಗೆ ಬಿಡುಗಡೆ ಸಿಕ್ಕಿದ್ದು 1714ರಲ್ಲಿ. ಸತ್ತಿದ್ದು 1719ರಲ್ಲಿ, 37ನೇ ವಯಸ್ಸಿಗೆ.

ಈಗ ಮುಖ್ಯ ವಿಷಯ. ದೊರೆಗಳ ಮನೆಯಲ್ಲಿ ಬೆಳ್ಳಿ, ಬಂಗಾರದ ತಟ್ಟೆಗಳಿರಲಿಲ್ಲವೇ? ಪಿಂಗಾಣಿ ಯಾಕೆ? ನನ್ನ ಉತ್ತರ ಇದು: ಬೆಳ್ಳಿ ತಟ್ಟೆ ಅಂದರೆ ಊಟದ ತಟ್ಟೆಯ ವೇಷ ಹಾಕಿದ ಬ್ಯಾಂಕು. ನಮ್ಮ ಮದುವೆಗಳಲ್ಲಿ ಕೊಡೋ ಬೆಳ್ಳಿ ಲೋಟ, ಕುಂಕುಮದ ಬಟ್ಟಲು, ದೀಪ ಎಲ್ಲ ಹಾಗೇ. ಕಷ್ಟ ಬಂದರೆ ಸೇಟು ಅಂಗಡಿಗೆ ಹೋಗತ್ತೆ, ತೂಕಕ್ಕೆ ಸರಿಯಾಗಿ ದುಡ್ಡು ಬರತ್ತೆ. ಯುರೋಪಿನ ರಾಜರೂ ಅದನ್ನೇ ಮಾಡ್ತಿದ್ದರು. ಯುದ್ಧದ ಖರ್ಚಿಗೆ ಅಂತ 14ನೇ ಲೂಯಿ 1689ರಲ್ಲಿ ತನ್ನ ಅರಮನೆಯ ಬೆಳ್ಳಿಯನ್ನೇ ಟಂಕಸಾಲೆಗೆ ಕಳಿಸಿ ಕರಗಿಸಿದ. 1709ರಲ್ಲಿ ಮತ್ತೆ ಅದೇ ಕಥೆ, ಈ ಸಲ ಶ್ರೀಮಂತರ ಮನೆಯ ಬೆಳ್ಳಿಯೂ ಹೋಯಿತು, ಅವರು ಬಣ್ಣ ಬಳಿದ ಮಣ್ಣಿನ ತಟ್ಟೆಗೆ ಇಳಿದರು. ಪಿಂಗಾಣಿಯನ್ನು ಕರಗಿಸೋಕೆ ಆಗಲ್ಲ. ಗಿರವಿ ಇಡೋಕೆ ಆಗಲ್ಲ. ಬಿದ್ದರೆ ಬೆಲೆ ಸೊನ್ನೆ. ಯಾವ ಆಪತ್ತಿಗೂ ಆಗದ ವಸ್ತುವಿಗೆ ಇಷ್ಟು ಸುರಿಯಬಲ್ಲೆ ಅಂತ ತೋರಿಸೋದೇ ಅದರ ಉಪಯೋಗ. ಮುರಿಯೋ ಗುಣವೇ ಅದರ ಬೆಲೆ.

ಇದು ಪರಾಕಾಷ್ಠೆಗೆ ಹೋದದ್ದು ಆಗಸ್ಟಸ್ಸಿನ ಮಗನ ಕಾಲದಲ್ಲಿ. ಮಗನ ಮಂತ್ರಿ ಹೈನ್ರಿಚ್ ಫಾನ್ ಬ್ರೂಲ್. ಮೈಸೆನ್ ಕಾರ್ಖಾನೆಯ ಉಸ್ತುವಾರಿಯೂ ಇವನದ್ದೇ. ತನಗೆ ಬೇಕಾದ ಪಿಂಗಾಣಿಯನ್ನು ಪುಕ್ಕಟೆ ಮಾಡಿಸಿಕೊಳ್ಳೋ ಅಪ್ಪಣೆ ಬೇರೆ ಇತ್ತು. 1737ರಿಂದ 1742ರ ತನಕ ಶಿಲ್ಪಿ ಕೆಂಡ್ಲರ್ ಮತ್ತು ಸಂಗಡಿಗರು ಇವನಿಗಾಗಿ ಒಂದು ಊಟದ ಸೆಟ್ ಮಾಡಿದರು. ಹಂಸದ ಸೆಟ್ ಅಂತ ಅದಕ್ಕೆ ಹೆಸರು. ಒಟ್ಟು 2,200ಕ್ಕೂ ಹೆಚ್ಚು ಸಾಮಾನು, ಸುಮಾರು ನೂರು ಜನರ ಪಂಕ್ತಿಗೆ.

ಅದರ ತಟ್ಟೆ ನೋಡಿದರೆ ಮೊದಲಿಗೆ ಬರೀ ಬಿಳಿ. ಬೆಳಕು ಓರೆಯಾಗಿ ಬಿದ್ದಾಗ ಚಿಪ್ಪಿನ ಗೀರುಗಳು, ನೀರಿನ ಮೇಲೆ ಎರಡು ಹಂಸ, ಪಕ್ಕದಲ್ಲಿ ಕೊಕ್ಕರೆ, ಜೊಂಡು ಹುಲ್ಲು ಕಾಣಿಸತ್ತೆ, ಎಲ್ಲ ಬಿಳಿಯ ಮೇಲೆ ಬಿಳಿ ಉಬ್ಬು. ಅಂಚಿನಲ್ಲಿ ಮಾತ್ರ ಸಣ್ಣ ಹೂವುಗಳು ಮತ್ತು ಗಂಡ ಹೆಂಡತಿ ಇಬ್ಬರ ಮನೆತನದ ಲಾಂಛನ. ಶಂಖ, ಚಿಪ್ಪುಗಳ ಸಂಗ್ರಹದ ಮುಂದೆ ಕೂತು ಕೆಂಡ್ಲರ್ ಚಿತ್ರ ಬರ್ಕೊಂಡಿದ್ದನಂತೆ. ಎಲ್ಲದರಲ್ಲೂ ನೀರೇ ಯಾಕೆ? ಜರ್ಮನ್ ಭಾಷೆಯಲ್ಲಿ ಬ್ರೂಲ್ ಅಂದರೆ ಜೌಗು ನೆಲ. ಮಂತ್ರಿಯ ಹೆಸರೇ ತಟ್ಟೆಯ ಮೇಲೆ ಚಿತ್ರವಾಗಿದೆ. ಊಟ ಮುಗಿಸಿದ ಅತಿಥಿ ಕೊನೆಗೆ ಓದೋದು ಮನೆಯೊಡೆಯನ ಹೆಸರನ್ನೇ!

ಆಗಿನ ಪಂಕ್ತಿಯೂ ಹಾಗೇ ಇತ್ತು. ಈಗಿನ ಹಾಗೆ ಒಂದೊಂದೇ ಬಡಿಸೋ ಕ್ರಮ ಅಲ್ಲ. ನಡುವೆ ದೊಡ್ಡ ಪಾತ್ರೆ, ಅದರ ಎರಡೂ ಕಡೆ ಜೋಡಿ ಜೋಡಿಯಾಗಿ ಸಣ್ಣ ಪಾತ್ರೆಗಳು, ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಮೊದಲೇ ಮೇಜಿನ ಮೇಲೆ ಜೋಡಿಸಿರ್ತಾರೆ. ನಿಮ್ಮ ಕೈಗೆಟುಕಿದ್ದು ನಿಮಗೆ. ಎಲ್ಲಿ ಕೂತಿದ್ದೀರಿ ಅನ್ನೋದರ ಮೇಲೆ ಏನು ತಿಂತೀರಿ ಅನ್ನೋದು ನಿರ್ಧಾರ. ಎಲ್ಲಿ ಕೂರಬೇಕು ಅನ್ನೋದು ನಿಮ್ಮ ಪದವಿಯ ಮೇಲೆ ನಿರ್ಧಾರ. ಎಲೆಯಲ್ಲಿ ಉಪ್ಪು ಎಲ್ಲಿ, ಪಲ್ಯ ಎಲ್ಲಿ, ತುದಿ ಯಾವ ಕಡೆ ಇರಬೇಕು, ಮೊದಲ ಪಂಕ್ತಿಗೆ ಯಾರು ಅಂತ ಜಗಳ ಆಡಿದ ಮನೆಗಳಿಂದ ಬಂದ ನಮಗೆ ಇದರಲ್ಲಿ ವಿಚಿತ್ರ ಕಾಣಬಾರದು. ಒಂದೇ ವ್ಯತ್ಯಾಸ, ನಮ್ಮ ಎಲೆ ಊಟ ಆದಮೇಲೆ ತಿಪ್ಪೆಗೆ.

1756ರಲ್ಲಿ ಪ್ರಷ್ಯಾ ಸ್ಯಾಕ್ಸನಿಯ ಮೇಲೆ ಬಿತ್ತು. ಪಿರ್ನಾ ಅನ್ನೋ ಕಡೆ ಸ್ಯಾಕ್ಸನಿಯ ಸೈನ್ಯ ಪೂರ್ತಿ ಶರಣಾಯಿತು. ಮೈಸೆನ್ ಕಾರ್ಖಾನೆ ಪ್ರಷ್ಯಾದ ಕೈಗೆ ಹೋಯಿತು. ಗೆದ್ದ ರಾಜ ಯಾರು ಗೊತ್ತೇ? ಹೂಜಿ ಕೊಟ್ಟು ಸೈನಿಕರನ್ನು ತಗೊಂಡವನ ಮಗ. ಅವನೂ ಕಾರ್ಖಾನೆ ಮುಚ್ಚಿಸಲಿಲ್ಲ, ತನಗೆ ಬೇಕಾದ ಸೆಟ್ಟುಗಳಿಗೆ ಆರ್ಡರ್ ಕೊಟ್ಟ. ಹಂಸದ ಸೆಟ್ ಮಾತ್ರ ಬ್ರೂಲ್ ವಂಶದ ಮನೆಯಲ್ಲೇ ಉಳಿದು, 1945ರಲ್ಲಿ ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಲೂಟಿಯಾಗಿ, ಪುಡಿಯಾಗಿ, ಚೆಲ್ಲಾಪಿಲ್ಲಿಯಾಯಿತು. ಈಗ ಅದರ ತುಣುಕುಗಳು ಜಗತ್ತಿನ ಬೇರೆಬೇರೆ ಮ್ಯೂಸಿಯಮ್ಮುಗಳಲ್ಲಿವೆ.

ನಮ್ಮ ಕಡೆಯ ಒಬ್ಬ ದೊರೆ ಈ ಆಟವನ್ನು ಬೇರೆ ಥರ ಆಡೋಕೆ ನೋಡಿದ್ದ. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋದರು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ 16ನೇ ಲೂಯಿಯ ಭೇಟಿ. ಇಂಗ್ಲಿಷರ ವಿರುದ್ಧ ಸೈನ್ಯ ಕೇಳೋಕೆ ಹೋದವರಿಗೆ ಲೂಯಿ ಸೈನ್ಯ ಕೊಡಲಿಲ್ಲ, ಅವನ ಖಜಾನೆಯೇ ಖಾಲಿ. ಕೊಟ್ಟಿದ್ದು ಸೆವ್ರ್ ಕಾರ್ಖಾನೆಯ ಪಿಂಗಾಣಿ. ರಾಯಭಾರಿಗಳನ್ನು ಆ ಕಾರ್ಖಾನೆಗೂ ಕರ್ಕೊಂಡು ಹೋಗಿ ತೋರಿಸಿದರು. ಅಲ್ಲಿನ ಚಿತ್ರಗಾರ ಅಸಲಿನ್ ಅವರ ಚಿತ್ರ ಬರೆದ. ಸೈನಿಕರ ಬದಲು ಪಿಂಗಾಣಿ, ಮತ್ತೆ ಅದೇ ವಿನಿಮಯ ದರ! ಆದರೆ ಟಿಪ್ಪು ಕೇಳಿ ಕಳಿಸಿದ್ದ ಪಟ್ಟಿಯಲ್ಲಿ ಪಿಂಗಾಣಿ ಇರಲಿಲ್ಲ, ಪಿಂಗಾಣಿ ಮಾಡುವವರಿದ್ದರು. ಫಿರಂಗಿ ಎರಕ ಹೊಯ್ಯೋರು, ಗಾಜಿನವರು, ಗಡಿಯಾರದವರು, ಇವರ ಜೊತೆಗೆ ಪಿಂಗಾಣಿ ಕೆಲಸಗಾರರು. ತಟ್ಟೆ ಬೇಡ, ಕಸುಬು ಬೇಕು ಅನ್ನೋ ಲೆಕ್ಕ. ಈ ವಿಷಯದಲ್ಲಿ ಆಗಸ್ಟಸ್‌ಗಿಂತ ಟಿಪ್ಪು ಜಾಣ ಅಂತ ನನ್ನ ಅಭಿಪ್ರಾಯ. ಮೈಸೂರು ಸಂಸ್ಥಾನದ ಸ್ವಂತ ಪಿಂಗಾಣಿ ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾದದ್ದು 1932ರಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ ಎದುರು, ಈಗ ಬಿಎಚ್‌ಇಎಲ್ ಇರೋ ಜಾಗ. ಅದು ಹೆಸರಾದದ್ದು ಟೀ ಕಪ್ಪಿಗಲ್ಲ, ಕರೆಂಟ್ ಕಂಬದ ಇನ್ಸುಲೇಟರಿಗೆ.

ಇಲ್ಲಿ ಪಿಂಗಾಣಿ ತಟ್ಟೆಗೆ ಬೇರೆಯೇ ತೊಡಕಿತ್ತು. ಕಂಚು, ಹಿತ್ತಾಳೆ, ಬೆಳ್ಳಿ ಎಂಜಲಾದರೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ಶುದ್ಧ. ಮಣ್ಣಿನ ಪಾತ್ರೆ ಮೈಲಿಗೆಯಾದರೆ ಮತ್ತೆ ಭಟ್ಟಿಯಲ್ಲಿ ಸುಡಬೇಕು, ಇಲ್ಲ ಒಡೆದು ಹಾಕಬೇಕು ಅನ್ನೋದು ಧರ್ಮಶಾಸ್ತ್ರದ ಮಾತು. ಪಿಂಗಾಣಿ ಎಷ್ಟೇ ಹೊಳೆಯಲಿ, ಮಡಿವಂತರ ಲೆಕ್ಕದಲ್ಲಿ ಅದು ಮಣ್ಣೇ. ಉಪ್ಪಿನಕಾಯಿ ಜಾಡಿಗೆ ಮಾತ್ರ ರಿಯಾಯಿತಿ, ಯಾಕಂದರೆ ಅದಕ್ಕೆ ಯಾರೂ ಬಾಯಿ ಹಚ್ಚಲ್ಲ. ಲೋಟವನ್ನು ಎತ್ತಿ ಗಂಟಲಿಗೆ ಸುರ್ಕೊಬಹುದು. ಕಪ್ಪಿಗೆ ತುಟಿ ತಾಗಲೇಬೇಕು.

ನಮ್ಮಜ್ಜಿ ಮನೆ ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ. ಮನೆಯವರೆಲ್ಲ ಕುಡಿಯುತ್ತಿದ್ದದ್ದು ಹಿತ್ತಾಳೆ ಲೋಟದಲ್ಲಿ, ಆಮೇಲೆ ಸ್ಟೀಲು. ಪಿಂಗಾಣಿ ಕಪ್ಪುಗಳು ಆ ಮನೆಯಲ್ಲಿ ಎರಡು ಜಾಗದಲ್ಲಿದ್ದವು. ನಡುಮನೆಯ ಗಾಜಿನ ಬೀರುವಿನಲ್ಲಿ ಚಿನ್ನದ ಗೆರೆಯ ಆರು ಕಪ್ಪು, ಆರು ಬಸಿ. ಅವು ಕೆಳಗಿಳಿಯುತ್ತಿದ್ದದ್ದು ಅಮಲ್ದಾರರೋ, ಡಾಕ್ಟರೋ ಬಂದಾಗ. ಹಿತ್ತಲ ಬಾಗಿಲಾಚೆ, ಕೊಟ್ಟಿಗೆಯ ಗೋಡೆಯ ಮೊಳೆಗೆ ಇನ್ನೊಂದು ಕಪ್ಪು, ಬಸಿ ಇಲ್ಲದ್ದು. ಅದು ತೋಟದಲ್ಲಿ ಕಾಯಿ ಕೀಳೋಕೆ ಬರ್ತಿದ್ದವರದ್ದು. ಅವರೇ ಮೊಳೆಯಿಂದ ತೆಗೆದು, ತೊಳೆದು, ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲೋರು. ಅಜ್ಜಿ ಚೊಂಬನ್ನು ಎತ್ತರಕ್ಕೆ ಹಿಡಿದು, ತಾಗದ ಹಾಗೆ ಕಾಫಿ ಸುರಿಯೋಳು. ಕುಡಿದು, ತೊಳೆದು, ಮತ್ತೆ ಮೊಳೆಗೆ. ಒಂದು ದಿನ ನಾನು ಆ ಕಪ್ಪನ್ನು ಆಟಕ್ಕೆ ಅಂತ ತಗೊಂಡು ಬಂದಾಗ ಅಜ್ಜಿ ಬೈಯಲಿಲ್ಲ. "ಅಲ್ಲೇ ಇಟ್ಟು ಬಾ ಮಗ, ಆಮೇಲೆ ಅವನಿಗೆ ಕಾಫಿ ಕೊಡೋದು ಹೆಂಗೆ?" ಅಂದಳು. ಅವಳ ಚಿಂತೆ ನಿಜವಾದದ್ದೇ ಆಗಿತ್ತು. ಬೇರೆ ಯಾವ ಪಾತ್ರೆಯಲ್ಲೂ ಕೊಡೋ ಹಾಗಿರಲಿಲ್ಲ.

ಬಹಳ ವರ್ಷ ಆದಮೇಲೆ ಮೈಸೆನ್ ಬಗ್ಗೆ ಓದುವಾಗ ನನಗೆ ಹೊಳೆದದ್ದು, ಆ ಮನೆಯಲ್ಲಿ ಅಮಲ್ದಾರರಿಗೂ ಕಾಯಿ ಕೀಳುವವರಿಗೂ ಸಿಗುತ್ತಿದ್ದದ್ದು ಪಿಂಗಾಣಿಯೇ. ಒಬ್ಬರಿಗೆ ಗೌರವ ಅಂತ, ಇನ್ನೊಬ್ಬರಿಗೆ ಮೈಲಿಗೆ ಅಂತ. ಎರಡೂ ಕಪ್ಪು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಚಿನ್ನದ ಗೆರೆಯ ಕಪ್ಪನ್ನೂ ಅಜ್ಜಿ ಹಿತ್ತಲ ನಲ್ಲಿಯಲ್ಲೇ ತೊಳೀತಿದ್ದಳು. ಅಮಲ್ದಾರರಿಗೆ ಅದು ಗೊತ್ತಾಗಲಿಲ್ಲ, ಅಷ್ಟೇ. ಇನ್ನೊಬ್ಬರಿಗೆ ಗೊತ್ತಿತ್ತು.

ಊರ ಹೋಟೆಲುಗಳಲ್ಲಿ ಎರಡು ಲೋಟ ಪದ್ಧತಿ ಅಂತ ಇದ್ದದ್ದು ಇದರದೇ ಬೀದಿಯ ರೂಪ. ದಲಿತರಿಗೆ ಬೇರೆ ಲೋಟ, ಬೇರೆ ಕಪ್ಪು, ಕೆಲವು ಕಡೆ ತೆಂಗಿನ ಕರಟ. ಮೇಲ್ಜಾತಿಯವರನ್ನೂ ಈ ಕಪ್ಪು ಬಿಡಲಿಲ್ಲ ಅನ್ನೋದಕ್ಕೆ ಪುಣೆಯ ಕಥೆಯಿದೆ. 1890ರ ಅಕ್ಟೋಬರಿನಲ್ಲಿ ಅಲ್ಲಿನ ಪಂಚ್ ಹೌದ್ ಮಿಷನ್ನಿನಲ್ಲಿ ಒಂದು ಭಾಷಣ. ಕೇಳೋಕೆ ಬಂದವರಲ್ಲಿ ರಾನಡೆ, ತಿಲಕ್ ಮೊದಲಾದ ದೊಡ್ಡವರು. ಮುಗಿದ ಮೇಲೆ ಟೀ, ಬಿಸ್ಕತ್ತು ಬಂತು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆ ಕಪ್ಪು ಕೈಯಲ್ಲಿ ಹಿಡಿದು ಕೂತರು. ಎಲ್ಲ ಏರ್ಪಾಡು ಮಾಡಿದ್ದ ಗೋಪಾಲರಾವ್ ಜೋಷಿ ಹೋದವರ ಹೆಸರನ್ನು ಪತ್ರಿಕೆಗೆ ಕೊಟ್ಟುಬಿಟ್ಟ. ದೂರು ಶಂಕರಾಚಾರ್ಯರ ಪೀಠಕ್ಕೆ ಹೋಯಿತು, ವಿಚಾರಣೆ ನಡೆಯಿತು. ಕಾಶಿಯಲ್ಲಿ ಪ್ರಾಯಶ್ಚಿತ್ತ ಆಗಿದೆ ಅಂತ ತಿಲಕ್ ಹೇಳಿಕೊಂಡರು. ಹೈಕೋರ್ಟಿನ ಜಡ್ಜ್ ಆಗಲಿದ್ದ ರಾನಡೆಯವರೂ 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು. ಟೀ ಒಂದು ಕಪ್ಪು, ಎರಡು ವರ್ಷದ ರಗಳೆ. ಆದರೆ ಒಂದು ಮಾತು ಮರೀಬಾರದು. ಅವರಿಗೆ ಪ್ರಾಯಶ್ಚಿತ್ತದ ದಾರಿ ಇತ್ತು. ಮೊಳೆಯ ಕಪ್ಪಿನವರಿಗೆ ಅದೂ ಇರಲಿಲ್ಲ.

ಬಸಿ ಅಂದೆನಲ್ಲ, ಅದಕ್ಕೂ ಒಂದು ಕಥೆ. ಹುಬ್ಬಳ್ಳಿ ಕಡೆ ಹೋದರೆ ಈಗಲೂ ಹಿರಿಯರು ಕಪ್ಪಿನಿಂದ ಬಸಿಗೆ ಚಹಾ ಸುರ್ಕೊಂಡು ಸೊರ್ ಅಂತ ಕುಡೀತಾರೆ. ಬೆಂಗಳೂರಿನ ಹುಡುಗರು ಮುಸಿಮುಸಿ ನಗೋದನ್ನ ನೋಡಿದ್ದೇನೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬಸಿಯಲ್ಲಿ ಚಹಾ ಕುಡಿಯೋದು ಅನೇಕ ಮನೆಗಳಲ್ಲಿ ಮಾಮೂಲು. ಚೀನಾದಿಂದ ಬಂದ ಕಪ್ಪಿಗೆ ಹಿಡಿ ಇರಲಿಲ್ಲ, ಬೆರಳು ಸುಡುತ್ತಿತ್ತು. ಆಮೇಲೆ ದೊಡ್ಡವರ ಮನೆಗಳಲ್ಲಿ ಅದು ಒರಟುತನ ಅಂತಾಯ್ತು. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಉಳಿಸ್ಕೊಂಡಿದ್ದಾರೆ. ಆರಿಸಿ ಕುಡಿಯೋಕೆ ಇದಕ್ಕಿಂತ ಸುಲಭದ ದಾರಿ ಇದ್ದರೆ ಹೇಳಿ.

ಈಗ ನಮ್ಮ ಕಾಲ. ಗೃಹಪ್ರವೇಶಕ್ಕೆ ಡಿನ್ನರ್ ಸೆಟ್ ಉಡುಗೊರೆ ಬರತ್ತೆ, ಬೋನ್ ಚೈನಾ ಅಂತ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರತ್ತೆ. ಬೋನ್ ಅಂದರೆ ಮೂಳೆಯೇ. 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಸ್ಪೋಡ್ ಕಾರ್ಖಾನೆಯವರು ಕುದುರಿಸಿದ ಹದ ಇದು: ಅರ್ಧ ಪಾಲು ದನದ ಮೂಳೆ ಸುಟ್ಟ ಬೂದಿ, ಇನ್ನರ್ಧ ಬಿಳಿ ಮಣ್ಣು ಮತ್ತು ಕಲ್ಲಿನ ಪುಡಿ. ಆ ಹಾಲು ಬಿಳಿ ಬರೋದೇ ಮೂಳೆಯಿಂದ. ಮೊಟ್ಟೆಗೆ ಬೇರೆ ಬಾಣಲೆ ಇಟ್ಟಿರೋ ಎಷ್ಟೋ ಮನೆಗಳ ಶೋಕೇಸಿನಲ್ಲಿ ಇದು ದೇವರ ಫೋಟೋ ಪಕ್ಕದಲ್ಲೇ ಕೂತಿರೋದನ್ನ ನಾನು ನೋಡಿದ್ದೇನೆ. ಗೊತ್ತಾದ ಮೇಲೂ ಯಾರೂ ಎಸೆದದ್ದು ಕಂಡಿಲ್ಲ. ಮೂಳೆಗೆ ಮಾಫಿ ಸಿಕ್ಕಿದೆ.

ಅದೇ ಮನೆಗಳಲ್ಲಿ ಅಡುಗೆಮನೆ ದಾಟಿ ಯುಟಿಲಿಟಿಗೆ ಹೋಗಿ. ವಾಷಿಂಗ್ ಮೆಷಿನ್ನಿನ ಮೇಲೆ, ಸೋಪಿನ ಪುಡಿ ಡಬ್ಬದ ಪಕ್ಕದಲ್ಲಿ ಒಂದು ಕಪ್ಪು ಕವುಚಿ ಇಟ್ಟಿರತ್ತೆ. ಹಿಡಿ ಮುರಿದದ್ದೋ, ಅಂಚು ಚಕ್ಕೆ ಹೋದದ್ದೋ, ಹಳೇ ಕಂಪನಿಯ ಲೋಗೋ ಇದ್ದದ್ದೋ. ಮನೆ ಕೆಲಸಕ್ಕೆ ಬರೋ ಅಕ್ಕ ಅದರಲ್ಲೇ ಟೀ ಕುಡೀತಾರೆ. ಜಾತಿ ಕೇಳೋದಿಲ್ಲ ನಾವು, ಹೈಜೀನ್ ಅಂತೀವಿ. ಆಯ್ತು, ಹೈಜೀನೇ ಅಂದ್ಕೊಳ್ಳೋಣ. ಆ ಕಪ್ಪನ್ನೂ ಶೋಕೇಸಿನ ಕಪ್ಪನ್ನೂ ಒಂದೇ ಸಿಂಕಿನಲ್ಲಿ, ಒಂದೇ ನಾರಿನಲ್ಲಿ ತೊಳೆಯೋದು ಆ ಅಕ್ಕನೇ.